ಐದು ಅಕ್ಷರ, ಒಂದು ಮಣ್ಣೆತ್ತು

ರ, ಗ, ಸ, ದ, ಅ. ನಮ್ಮ ಸರ್ಕಾರಿ ಕನ್ನಡ ಶಾಲೆಗಳ ನಲಿ-ಕಲಿ ತರಗತಿಯಲ್ಲಿ ಮಗು ಮೊದಲು ಕಲಿಯುವ ಅಕ್ಷರಗಳಿವು. ಅ ಆ ಇ ಈ ಎಂದು ಸಾಲಾಗಿ ಬಾಯಿಪಾಠ ಮಾಡಿದವರಿಗೆ ಈ ಕ್ರಮ ವಿಚಿತ್ರ ಅನ್ನಿಸಬಹುದು. ಆದರೆ ವರ್ಣಮಾಲೆಯ ಮೊದಲ ಐದು ಸ್ವರ ಕಲಿತ ಮಗುವಿಗೆ ಓದಲು ಪದಗಳೇ ಸಿಗುವುದಿಲ್ಲ. ಈ ಐದನ್ನು ಕಲಿತ ಮಗು ಸರ, ಅರಸ, ಅಗಸ, ಗರಗಸ ಎಂದು ಓದಿಯೇಬಿಡುತ್ತದೆ. ಓದಿದೆನೆಂಬ ಖುಷಿ ಮೊದಲ ವಾರಗಳಲ್ಲೇ ಸಿಗಲಿ ಎಂಬುದು ಇದರ ಹಿಂದಿನ ಜಾಣತನ.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಈ ಪದ್ಧತಿ ಶುರುವಾಯಿತು. ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಶಿಕ್ಷಕರು ಕೂತು ಕಟ್ಟಿದ್ದು. 2009-10ರಲ್ಲಿ ಒಂದು ಮತ್ತು ಎರಡನೇ ತರಗತಿಗಳಿಗೆ ರಾಜ್ಯದಾದ್ಯಂತ ಬಂತು. ಬೆಂಚು ಹೋಗಿ ನೆಲದ ಮೇಲೆ ದುಂಡಗೆ ಕೂರುವ ಗುಂಪುಗಳು ಬಂದವು. ಗೋಡೆಗೆ ಕಲಿಕಾ ಏಣಿ, ತಲೆಯ ಮೇಲೆ ಮಕ್ಕಳ ಚಿತ್ರ ತೂಗುವ ಚಪ್ಪರ. ಪಾಠಪುಸ್ತಕದ ಬದಲು ಕಾರ್ಡು. ಪ್ರತಿ ಮಗು ತನ್ನದೇ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ಹದಿನೈದು ದಿನ ಸುಗ್ಗಿಗೆ ಹೋಗಿ ಬಂದ ಮಗು ಬಿಟ್ಟಲ್ಲಿಂದಲೇ ಮುಂದುವರಿಯಬಹುದು. ನವಲಗುಂದ, ಕುಂದಗೋಳದಂಥ ಬೇಸಾಯದ ಸೀಮೆಗೆ ಇದು ಸಣ್ಣ ಉಪಕಾರವಲ್ಲ.

ನಾನು ಶಿಕ್ಷಣತಜ್ಞನಲ್ಲ, ಸಾಹಿತ್ಯದ ಓದುಗ. ಆದ್ದರಿಂದ ಈ ಕಾರ್ಡುಗಳನ್ನೂ ಒಂದು ಕೃತಿಯಂತೆಯೇ ಓದುತ್ತೇನೆ. ಇಲ್ಲಿ ಮಾತಾಡುತ್ತಿರುವವರು ಯಾರು? ಯಾರ ಮಾತಿಗೆ ಜಾಗವಿಲ್ಲ?

ಆ ಐದು ಅಕ್ಷರಗಳಿಗೇ ಮರಳೋಣ. ಶಿಷ್ಟ ಕನ್ನಡದ ಮಗು ಅವುಗಳಿಂದ ಪದ ಕಟ್ಟಬಲ್ಲದು, ‘ಇದೆ’ ಎಂದು ಮುಗಿಯುವ ವಾಕ್ಯ ಕಟ್ಟಲಾರದು. ಅದಕ್ಕೆ ಇನ್ನೊಂದು ಸ್ವರ ಬೇಕು, ಎತ್ವ ಬೇಕು. ಆದರೆ ಧಾರವಾಡ ಸೀಮೆಯ ಕೆಲವು ಮನೆಗಳಲ್ಲಿ ‘ಇದೆ’ ಎನ್ನುವುದಿಲ್ಲ, ‘ಅದ’ ಎನ್ನುತ್ತಾರೆ. ಆ ಮನೆಯ ಮಗು ಅಷ್ಟೇ ಅಕ್ಷರಗಳಿಂದ ಪೂರ್ತಿ ವಾಕ್ಯವನ್ನೇ ಬರೆಯಬಲ್ಲದು: ಸರ ಅದ. ಗರಗಸ ಅದ. ಹಳ್ಳಿಗಳಲ್ಲಿ ಬಹುಪಾಲು ಕೇಳುವುದು ‘ಐತಿ’. ಹಾಗಾದರೆ ‘ನಿಮ್ಮ ಮನ್ಯಾಗ ಏನಂತಾರ?’ ಎಂದು ಮಕ್ಕಳು ಒಬ್ಬರನ್ನೊಬ್ಬರು ಕೇಳಿದರೆ ಅದೇ ಒಂದು ಆಟ, ಅದೇ ಒಂದು ಸಂಶೋಧನೆ. ಕಾರ್ಡು ಇದನ್ನು ಕೇಳುವುದಿಲ್ಲ. ಹೆಗ್ಗಡದೇವನಕೋಟೆಗೂ ಅಣ್ಣಿಗೇರಿಗೂ ಅದರಲ್ಲಿ ಒಂದೇ ಕನ್ನಡ. ಬೇಂದ್ರೆಯವರ ಕಾವ್ಯದಲ್ಲಿ ಧಾರವಾಡದ ಆಡುನುಡಿಗೆ ತಲೆದೂಗುವ ನಾವು, ಅದೇ ನುಡಿ ಒಂದನೇ ತರಗತಿಯ ಮಗುವಿನ ಬಾಯಲ್ಲಿ ಬಂದರೆ ತಿದ್ದುತ್ತೇವೆ.

ಎರಡನೆಯ ತಕರಾರು ಇದಕ್ಕಿಂತ ಆಳದ್ದು. ನವಲಗುಂದದ ಕಡೆಯ ಒಂದು ಶಾಲೆಗೆ ನಾನು ಹೋದದ್ದು ಮಣ್ಣೆತ್ತಿನ ಅಮಾವಾಸ್ಯೆ ಮುಗಿದ ವಾರ. ಒಬ್ಬ ಹುಡುಗಿ ಮನೆಯಲ್ಲಿ ಮಾಡಿದ ಎತ್ತನ್ನು ಚೀಲದಲ್ಲಿಟ್ಟುಕೊಂಡು ಬಂದಿದ್ದಳು. ಒಣಗಿ ಅದರ ಬೆನ್ನು ಉದ್ದಕ್ಕೆ ಸೀಳಿತ್ತು. ‘ಅಕ್ಕೋರ, ಇದು ಯಾಕ ಬಿರಿದೈತ್ರಿ?’ ಎಂದಳು. ಶಿಕ್ಷಕಿ ನಕ್ಕು, ‘ಮೊದಲು ನಿನ್ನ ಕಾರ್ಡು ಮುಗಿಸು’ ಎಂದರು. ಹುಡುಗಿ ಎತ್ತನ್ನು ಚೀಲಕ್ಕೆ ಹಾಕಿ ಏಣಿಯತ್ತ ನಡೆದಳು.

ಶಿಕ್ಷಕಿಯನ್ನು ದೂರಲಾರೆ. ಒಂದೇ ಕೋಣೆ, ಹಲವು ಹಂತದ ಮಕ್ಕಳು, ತುಂಬಬೇಕಾದ ಪ್ರಗತಿ ನೋಟ. ಕಾರ್ಡಿಲ್ಲದಿದ್ದರೆ ಆ ಕೋಣೆ ಗದ್ದಲವಷ್ಟೇ ಆಗುತ್ತಿತ್ತು ಎಂಬ ವಾದದಲ್ಲೂ ಸತ್ಯವಿದೆ. ಆದರೆ ಕಾರ್ಡಿನ ಆಟದ ಉತ್ತರ ಕಾರ್ಡು ಮಾಡಿದವರಿಗೆ ಮೊದಲೇ ಗೊತ್ತು. ಹುಡುಗಿಯ ಪ್ರಶ್ನೆ ಹಾಗಲ್ಲ. ಅದಕ್ಕೆ ಉತ್ತರ ಅವಳ ಊರಿನ ನೆಲದಲ್ಲೇ ಇದೆ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಸೀಳುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕಿನಲ್ಲಿ ಕಾಲು ಸಿಕ್ಕಿಸಿಕೊಂಡ ಮಕ್ಕಳಿಗೆ ಇದು ಅರ್ಧ ಗೊತ್ತಿರುವ ಸಂಗತಿ. ಬರೀ ಎರೆಮಣ್ಣಿನದೊಂದು, ಉಸುಕು ಬೆರೆಸಿದ್ದೊಂದು, ಕಲಘಟಗಿ ಕಡೆಯ ಕೆಂಪುಮಣ್ಣಿನದೊಂದು, ಹೀಗೆ ಮೂರು ಎತ್ತು ಮಾಡಿ ಕಿಟಕಿಯಲ್ಲಿಟ್ಟು ದಿನಾ ನೋಡಿದರೆ ಸಾಕು. ಯಾವುದು ಮೊದಲು ಬಿರಿಯಿತು, ಎಷ್ಟು ದಿನಕ್ಕೆ, ಎಲ್ಲಿ? ಎಣಿಕೆ, ಅಳತೆ, ಮಾತು, ಚಿತ್ರ ಎಲ್ಲವೂ ಅದರಲ್ಲೇ ಬರುತ್ತವೆ. ಮುಂದೆ ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನನ್ನು ಮಾಡುವಾಗ ಅದೇ ಹುಡುಗಿಯ ಕೈಗೆ ಹೊಸ ವಿದ್ಯೆ ಸಿಕ್ಕಿರುತ್ತದೆ.

ನಲಿ-ಕಲಿ ಮಗುವಿನ ಮೈಗೆ ಬಿಡುಗಡೆ ಕೊಟ್ಟಿತು. ಕುಣಿಯಬಹುದು, ಹಾಡಬಹುದು, ಎದ್ದು ಹೋಗಿ ಕಾರ್ಡು ತರಬಹುದು. ಏನನ್ನು ಕೇಳಬೇಕು ಎಂಬ ಸ್ವಾತಂತ್ರ್ಯವನ್ನು ಮಾತ್ರ ಏಣಿಯ ಬಳಿಯೇ ಉಳಿಸಿಕೊಂಡಿತು. ಆಟವೆಂದರೆ ನಗುನಗುತ್ತಾ ಬೇರೆಯವರು ಬರೆದ ಪಾಠ ಒಪ್ಪಿಸುವುದಲ್ಲ. ಆಟದಲ್ಲಿ ಮುಂದೇನಾಗುತ್ತದೆಂದು ಯಾರಿಗೂ ಗೊತ್ತಿರಬಾರದು, ಶಿಕ್ಷಕಿಗೂ.

ಏಣಿಯನ್ನು ಕಿತ್ತುಹಾಕಿ ಎನ್ನುತ್ತಿಲ್ಲ. ಪ್ರತಿ ಕಟ್ಟಿನಲ್ಲಿ ಕೆಲವು ಕಾರ್ಡುಗಳನ್ನು ಖಾಲಿ ಬಿಡಿ, ಅವನ್ನು ಊರಿನ ಮಾತಿನಲ್ಲಿ ಮಕ್ಕಳೇ ತುಂಬಲಿ ಎನ್ನುತ್ತಿದ್ದೇನೆ. ಮೊದಲನೆಯದರಲ್ಲಿ ಬರೆಯಬೇಕಾದ್ದು ಆ ಹುಡುಗಿಯ ಚೀಲದಲ್ಲಿದೆ.