ಒಂದು 'ಕಬೂಲ್' ಎಷ್ಟು ದಿನಕ್ಕೆ?

2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. 1860ರ ದಂಡ ಸಂಹಿತೆ ಹೋಯಿತು, ಅದರ ಒಂದು ವಿನಾಯಿತಿ ಮಾತ್ರ ಉಳಿಯಿತು. ಸೆಕ್ಷನ್ 63ರ ಪ್ರಕಾರ, 18 ತುಂಬಿದ ಹೆಂಡತಿಯನ್ನು ಗಂಡ ಬಲವಂತವಾಗಿ ಕೂಡಿದರೆ ಅದು ಅತ್ಯಾಚಾರವಲ್ಲ. ಆದರೆ ಸೆಕ್ಷನ್ 67 ನೋಡಿ: ಹೆಂಡತಿ ಬೇರೆ ವಾಸವಿದ್ದಾಗ ಅದೇ ಗಂಡ ಅದನ್ನೇ ಮಾಡಿದರೆ 2ರಿಂದ 7 ವರ್ಷ ಜೈಲು. ಅಂದರೆ ಅವಳ ಒಪ್ಪಿಗೆಗಿಂತ ಅವಳು ಎಲ್ಲಿ ವಾಸವಿದ್ದಾಳೆ ಅನ್ನೋದೇ ಕಾನೂನಿಗೆ ಮುಖ್ಯ.

2005ರ ಕೌಟುಂಬಿಕ ಹಿಂಸೆ ಕಾಯ್ದೆ ಲೈಂಗಿಕ ದೌರ್ಜನ್ಯವನ್ನು ಗುರುತಿಸಿ ರಕ್ಷಣೆ ಕೊಡುತ್ತೆ. ಅತ್ಯಾಚಾರ ಅನ್ನೋ ಹೆಸರು ಕೊಡೋದಿಲ್ಲ.

ಶಿಕ್ಷೆ ಕೊಟ್ಟರೆ ಸಂಸಾರ ಒಡೆಯುತ್ತೆ ಅಂತಾರೆ. ಬಲವಂತದಿಂದ ಅದು ಆಗಲೇ ಒಡೆದಿರುತ್ತೆ. ನಿಕಾಹ್‌ಗೆ ಮುಂಚೆ ಹುಡುಗಿಯ ಒಪ್ಪಿಗೆ ಕೇಳುವ ನಾವು, ಆ ಒಂದು 'ಕಬೂಲ್' ಜೀವನಪೂರ್ತಿಗೆ ಸಾಕು ಅಂದುಕೊಂಡರೆ, ಈ ಕಾನೂನಿಗಿಂತ ನಾವು ಹೇಗೆ ಬೇರೆ?