ಕಾವ್ಯವಾಚನದಲ್ಲಿ ರಾಗವೂ ಕಾಕುವೂ

ಸ್ವರವು ಸಂಗೀತಕ್ಕೆ ಮಾತ್ರ ಸೇರಿದುದು, ಮಾತಿಗೆ ಅದರ ಹಂಗಿಲ್ಲವೆಂಬ ಭಾವನೆ ಸರಿಯಲ್ಲ. ‘ಬಂದಿರಾ’ ಎಂಬ ಒಂದೇ ಪದವು ಅತಿಥಿಗೆ ಸ್ವಾಗತವಾಗುತ್ತದೆ. ಸಂಜೆಗೆ ಬರುವೆನೆಂದು ಹೇಳಿಹೋಗಿ ನಡುರಾತ್ರಿ ಮರಳಿದ ಯಜಮಾನನಿಗೆ ಅದೇ ದೂರಾಗುತ್ತದೆ. ಬದಲಾದುದು ಅಕ್ಷರವಲ್ಲ, ಧ್ವನಿಯ ಏರಿಳಿತ. ಇದನ್ನೇ ನಮ್ಮ ಲಾಕ್ಷಣಿಕರು ಕಾಕುವೆಂದರು. ವೇದಪಾಠದಲ್ಲಂತೂ ಸ್ವರ ತಪ್ಪಿದರೆ ಅರ್ಥವೇ ತಲೆಕೆಳಗು. ‘ಇಂದ್ರಶತ್ರು’ ಶಬ್ದದ ಉದಾತ್ತವು ಕೊನೆಯಲ್ಲಿದ್ದರೆ ಇಂದ್ರನನ್ನು ಕೊಲ್ಲುವವನೆಂದಾಗುತ್ತದೆ; ಮೊದಲಲ್ಲಿದ್ದರೆ ಇಂದ್ರನೇ ಯಾರಿಗೆ ಹಂತಕನೋ ಅವನೆಂದಾಗುತ್ತದೆ. ತ್ವಷ್ಟೃವಿನ ಆಹುತಿಯು ಅವನ ಮಗ ವೃತ್ರನಿಗೇ ಮುಳುವಾದುದು ಈ ತಪ್ಪಿನಿಂದ.

ನಾಟ್ಯಶಾಸ್ತ್ರವು ಪಾಠ್ಯಕ್ಕೂ ಸ್ವರಗಳನ್ನು ವಿಧಿಸಿ, ಹಾಸ್ಯ ಶೃಂಗಾರಗಳಿಗೆ ಮಧ್ಯಮ ಪಂಚಮಗಳನ್ನೂ ಕರುಣಕ್ಕೆ ಗಾಂಧಾರ ನಿಷಾದಗಳನ್ನೂ ಹೇಳಿದೆ. 13ನೆಯ ಶತಮಾನದಲ್ಲಿ ಶಾರ್ಙ್ಗದೇವನು ಕಾಕುವನ್ನು ಗಾನದೊಳಕ್ಕೂ ತಂದು ಆರು ಬಗೆಯೆಂದು ವಿಂಗಡಿಸಿದನು. ಈ ಎರಡು ದಾರಿಗಳು ಕೂಡುವ ಎಡೆಯೇ ಕನ್ನಡದ ಗಮಕ.

ಗಮಕಕ್ಕೆ ರಾಗವುಂಟು, ತಾಳದ ಕಟ್ಟಿಲ್ಲ. ಈ ಸ್ವಾತಂತ್ರ್ಯ ಕೊಟ್ಟಿರುವುದು ಮಾತಿನ ಸಲುವಾಗಿ. ಆಲಾಪನೆಯ ಸಲುವಾಗಿ ಅಲ್ಲ. ಕುಮಾರವ್ಯಾಸನ ಭಾಮಿನಿಯನ್ನೇ ನೋಡಬಹುದು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 14 ಮಾತ್ರೆ. ಮೂರು ಮತ್ತು ಆರನೆಯವಕ್ಕೆ 23. ವಾಕ್ಯವು ಅನೇಕ ವೇಳೆ ಸಾಲಿನ ಕೊನೆಯಲ್ಲಿ ನಿಲ್ಲದೆ ಮುಂದಿನದಕ್ಕೆ ಹರಿಯುತ್ತದೆ. ಪದವೇ ಎರಡು ಸಾಲುಗಳಿಗೆ ಹಂಚಿಹೋಗುವುದೂ ಉಂಟು. ಪ್ರತಿ ಸಾಲಿನ ತುದಿಯಲ್ಲೂ ರಾಗದ ನೆಲೆಗೆ ಇಳಿದು ವಿಶ್ರಮಿಸುವ ವಾಚಕನು ಕಿವಿಗೆ ಇಂಪನ್ನಿತ್ತು ವಾಕ್ಯವನ್ನು ಕತ್ತರಿಸುತ್ತಾನೆ. ಕಂಠ ಒಳ್ಳೆಯದಾದಷ್ಟೂ ಈ ಅಪಾಯ ಹೆಚ್ಚು!

ಇದರ ನಷ್ಟವು ಸಭಾಪರ್ವದಲ್ಲಿ ಎದ್ದು ಕಾಣುತ್ತದೆ. ತನ್ನನ್ನೇ ಮೊದಲು ಸೋತವನಿಗೆ ಮಡದಿಯನ್ನು ಪಣವಿಡುವ ಅಧಿಕಾರವೆಲ್ಲಿಯದು? ದ್ರೌಪದಿಯ ಈ ಮಾತು ಅಳಲು ಮಾತ್ರವಲ್ಲ, ನ್ಯಾಯದ ಪ್ರಶ್ನೆ. ಆ ಪ್ರಸಂಗವನ್ನೆಲ್ಲ ಒಂದೇ ಶೋಕರಾಗದಲ್ಲಿ ನೆನೆಯಿಸಿಬಿಡುವ ರೂಢಿಯಿಂದ ಅವಳ ಕಣ್ಣೀರು ಉಳಿದು ತರ್ಕ ಮರೆಯಾಗುತ್ತದೆ. ಭರತನು ಹೇಳಿದ ಸಾಕಾಂಕ್ಷ ಕಾಕು, ಎಂದರೆ ಉತ್ತರವನ್ನು ಬಯಸಿ ನಿಂತ ಧ್ವನಿ, ಬೇಕಾದುದು ಇಲ್ಲಿ. ರಾಗ ಯಾವುದಾದರೂ ಇರಲಿ, ಪ್ರಶ್ನೆ ಮುಗಿದಾಗ ಆಧಾರಷಡ್ಜಕ್ಕೆ ಇಳಿಯದೆ ಮೇಲೆಯೇ ತಡೆದು ನಿಲ್ಲಿಸಬೇಕು. ಇಳಿದುಬಿಟ್ಟರೆ, ಭೀಷ್ಮನೂ ಕೊಡಲಾರದೆ ಹೋದ ಉತ್ತರವನ್ನು ವಾಚಕನೇ ಕೊಟ್ಟಂತಾಗುತ್ತದೆ. ಹಾಗೆ ನಿಲ್ಲಿಸಿದ ಧ್ವನಿಯ ಬಳಿಕ ವ್ಯಾಖ್ಯಾನಕಾರನೂ ಗಳಿಗೆ ಹೊತ್ತು ಸುಮ್ಮನಿದ್ದರೆ ಲೇಸು.