ಹೆಗಲ ಪಟ್ಟಿಯ ಹೊಲಿಗೆ

ಕಾಲೇಜಿಗೆ ಬ್ಯಾಗ್ ಕೊಳ್ಳುವವರು ಬಣ್ಣ ನೋಡುತ್ತಾರೆ, ಜೇಬು ಎಣಿಸುತ್ತಾರೆ. ನನ್ನ ಕೈ ಮೊದಲು ಹೋಗುವುದು ಹೆಗಲ ಪಟ್ಟಿಯ ಬುಡಕ್ಕೆ. ಲ್ಯಾಪ್‌ಟಾಪ್, ರೆಕಾರ್ಡ್ ಪುಸ್ತಕ, ಊಟದ ಡಬ್ಬಿ, ನೀರಿನ ಬಾಟಲಿ, ಇಷ್ಟೂ ಭಾರ ಜೋತುಬೀಳುವುದು ಅಲ್ಲೇ. ಕೆಲಸ ಬಲ್ಲವರು ಅಲ್ಲಿ ಚೌಕವಾಗಿ ಹೊಲಿದು, ಅದರೊಳಗೆ ಮೂಲೆಯಿಂದ ಮೂಲೆಗೆ ಗುಣಾಕಾರದ ಗುರುತಿನಂತೆ ಮತ್ತೆರಡು ಸಾಲು ಹಾಕುತ್ತಾರೆ. ಎಳೆತ ಒಂದೇ ಸಾಲಿನ ಮೇಲೆ ಬೀಳದೆ ಎಲ್ಲಕ್ಕೂ ಹಂಚಿಹೋಗುತ್ತದೆ. ಎಂಥ ಸರಳ ಜಾಣ್ಮೆ!

ಪಟ್ಟಿಯ ಬಾಗೂ ಅಷ್ಟೇ ಚೆಂದ. ಕತ್ತಿಗೆ ಉಜ್ಜದೆ, ಎದೆಯ ಪಕ್ಕದಲ್ಲಿ ಇಳಿದು, ಕಂಕುಳಿಗೆ ತಾಗದಂತೆ ಹಿಂದಕ್ಕೆ ತಿರುಗುತ್ತದೆ. ಒಳಗಿನ ಒಳ್ಳೆಯ ಫೋಮ್ ಹೆಬ್ಬೆರಳಿಗೆ ತಗ್ಗಿ, ಬಿಟ್ಟೊಡನೆ ಮೇಲೇಳುತ್ತದೆ. ಕಿಕ್ಕಿರಿದ ಬಿಎಂಟಿಸಿ ಬಸ್ಸಿನಲ್ಲಿ ಬ್ಯಾಗನ್ನು ಎದೆಗೆ ತಿರುಗಿಸಿಕೊಂಡು ನಿಂತ ಹುಡುಗಿಯ ಹೆಗಲಲ್ಲಿ ಅಂಥ ಪಟ್ಟಿ ಕಂಡರೆ, ಹೊಲಿದವರಿಗೆ ಮನಸ್ಸಿನಲ್ಲೇ ಶಹಬ್ಬಾಸ್ ಎನ್ನುತ್ತೇನೆ.